ಬುಧವಾರ: ಅಪ್ಪ

ಭಾನುವಾರ, ಜನವರಿ 18

ಹೊಸ ವರ್ಷದ ಕೇಕ್ ಕತ್ತರಿಸುವುದಕ್ಕೆ ತಮ್ಮನ ಮನೆಗೆ ಹೋಗಿದ್ದೆ. ಒಳಗೆ ಅಡಗಿಸಿಟ್ಟ ಅದೃಷ್ಟದ ನಾಣ್ಯ ಮಾರ್ಲೆನಾಳ ತುಂಡಿನಲ್ಲಿ ಸಿಕ್ಕಿತು. ಪ್ರತಿ ವರ್ಷ ಅವಳಿಗೇ ಸಿಗುತ್ತದೆ. ಕತ್ತರಿಸಿ ಹಂಚುವವಳೂ ಅವಳೇ. ಆದರೂ ಅರಿಸ್ತಿದಿಸ್ ಪ್ರತಿ ವರ್ಷ ಬೆರಗಾಗಿ ಚಪ್ಪಾಳೆ ತಟ್ಟುತ್ತಾನೆ. ಹೆಂಡತಿಯ ಬಗ್ಗೆ ಇಪ್ಪತ್ತೆರಡು ವರ್ಷ ಬೆರಗು ಉಳಿಸಿಕೊಳ್ಳಬೇಕಾದರೆ ಒಂದೋ ಅಪಾರ ಪ್ರೀತಿ ಇರಬೇಕು, ಇಲ್ಲ ಅಪಾರ ಮರೆವು. ನನ್ನ ತಮ್ಮನಿಗೆ ಎರಡನೆಯದು ಇದೆ.

ಕಾಫಿಯ ಹೊತ್ತಿಗೆ ಘೋಷಣೆಯಾಯಿತು. ಈ ಆಗಸ್ಟ್‌ನಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು ಒಂದು ವಾರ ದ್ವೀಪ ಸುತ್ತುವುದು. ದೋಣಿ ನಡೆಸುವವನು ಫೋಂದಾಸ್. ಇವನು ಹಲ್ಲಿನ ಡಾಕ್ಟರು. ನನ್ನ ತಮ್ಮನ ಮದುವೆಯಲ್ಲಿ ವಧೂವರರ ತಲೆಯ ಮೇಲಿನ ಕಿರೀಟ ಅದಲುಬದಲು ಮಾಡಿದವನು, ಹಾಗಾಗಿ ಸಾಯುವವರೆಗೂ ನೆಂಟ. ಹೋದ ವರ್ಷ ಪರವಾನಗಿ ಗಿಟ್ಟಿಸಿದ್ದಾನೆ. ಲಂಗರಿನ ಚಿತ್ರವಿರುವ ಬಿಳಿ ಟೋಪಿ ಹಾಕಿಕೊಂಡೇ ಕೇಕ್ ತಿಂದ. ಅಲ್ಪನಿಗೆ ಐಶ್ವರ್ಯ ಬಂದರೆ ಕೊಡೆ ಹಿಡಿಯುತ್ತಾನಂತೆ, ಇವನದು ಟೋಪಿ.

"ನಾಲ್ಕು ಕೋಣೆ ಇರೋ ದೋಣಿ ಬೇಕು" ಅಂದಳು ಮಾರ್ಲೆನಾ.

"ನಾವು ಇರೋದೇ ನಾಲ್ಕು ಜನ. ಮೂರು ಸಾಕಲ್ಲೇ" ಅಂದ ಅರಿಸ್ತಿದಿಸ್.

"ಮತ್ತೆ ಬಟ್ಟೆಗೆ?"

ನಾಲ್ಕನೆಯವಳು ನಾನು ಎಂದು ಆಗ ತಿಳಿಯಿತು. ತೇಲುವ ಸೋಫಾದ ಮೇಲೆ ಕೂತು ವೈನ್ ಕುಡಿಯುವ ಆಸೆ ನನಗಿಲ್ಲ ಎಂದು ಹೇಳಿ, ಚೀಲದಿಂದ ಪಾದ್ರಿ ಯಾಕೋವೋಸ್ ಬರೆದ ಕಾಗದ ತೆಗೆದು ಮೇಜಿನ ಮೇಲಿಟ್ಟೆ.

ಅಪ್ಪ ಸಿಕಿನೋಸ್ ದ್ವೀಪದಲ್ಲಿ ಮಣ್ಣಾಗಿ ಐದು ವರ್ಷ ತುಂಬಿತು. ಅಲ್ಲಿನ ಸ್ಮಶಾನ ಅಂಗೈ ಅಗಲ, ಹೊಸಬರಿಗೆ ಜಾಗ ಬೇಕು. ಈ ವರ್ಷ ಮಕ್ಕಳು ಬಂದು ಮೂಳೆ ತೆಗೆಸಿ, ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಯಾರೂ ಬಾರದಿದ್ದರೆ ಪುರಸಭೆಯವರೇ ತೆಗೆದು ಸಾಮೂಹಿಕ ಗುಂಡಿಗೆ ಸುರಿಯುತ್ತಾರೆ. ಅಲ್ಲಿಗೆ ಹೋದ ಮೇಲೆ ಯಾರ ಮೂಳೆ ಯಾರದೋ.

ಅಮ್ಮನ ಮೂಳೆ ಇಲ್ಲೇ ಅಥೆನ್ಸಿನ ಹತ್ತಿರ, ನಿಕೇಯಾ ಸ್ಮಶಾನದ ಮೂಳೆಮನೆಯಲ್ಲಿದೆ. ಸಾಯುವ ಮುಂಚೆ ಹೇಳಿದ್ದಳು, "ಅವನನ್ನ ನನ್ನ ಪಕ್ಕಕ್ಕೆ ತಂದಿಡಿ. ಆಗಲಾದ್ರೂ ಒಂದು ಕಡೆ ಇರ್ತಾನೆ."

ಅರಿಸ್ತಿದಿಸ್ ಕಾಗದವನ್ನು ಎರಡು ಸಲ ಓದಿದ. ಅವನ ಮುಖ ಅರಳಿತು.

"ಸರಿಯಾಯ್ತಲ್ಲ ಅಕ್ಕಾ! ಹೇಗೂ ಆ ಕಡೆಗೇ ಹೋಗ್ತೀವಿ. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆಗುತ್ತೆ."

ಈ ಮನುಷ್ಯನ ಜೊತೆ ನಾನು ಒಂದೇ ಹೊಟ್ಟೆ ಹಂಚಿಕೊಂಡಿದ್ದೇನೆ.

ಗುರುವಾರ, ಜನವರಿ 29

ಮಾರ್ಲೆನಾ ಪ್ರವಾಸದ ಪಟ್ಟಿ ಫೋನಿಗೆ ಕಳಿಸಿದ್ದಾಳೆ. ಬಣ್ಣ ಬಣ್ಣದ ಚೌಕಗಳು. ಶನಿವಾರ: ಲಾವ್ರಿಯೋ ಬಂದರಿನಿಂದ ಹೊರಡುವುದು, ಬಿಳಿ ಉಡುಪು. ಭಾನುವಾರ: ಕಿಥ್ನೋಸ್, ಎರಡೂ ಬದಿ ಸಮುದ್ರವಿರುವ ಮರಳುದಿಬ್ಬದ ಮೇಲೆ ಫೋಟೋ. ಸೋಮವಾರ: ಸೆರಿಫೋಸ್. ಮಂಗಳವಾರ: ಸಿಫ್ನೋಸ್, ಈಜು. ಬುಧವಾರ: ಅಪ್ಪ. ಗುರುವಾರ: ಲಾಬ್ಸ್ಟರ್ ನೂಡಲ್ಸ್ ಊಟ, ನೀಲಿ ಉಡುಪು. ಶುಕ್ರವಾರ: ವಾಪಸ್ಸು.

"ಬುಧವಾರ: ಅಪ್ಪ" ಎಂಬುದರ ಪಕ್ಕದಲ್ಲಿ ಪುಟ್ಟ ಮೇಣದಬತ್ತಿಯ ಚಿತ್ರ. ಉಡುಪಿನ ಬಣ್ಣ ಇನ್ನೂ ನಿಗದಿಯಾಗಿಲ್ಲ.

ನಾನು ಗ್ರೀಕ್ ಶೋಕಗೀತೆಗಳ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆದವಳು. ಎರಡೂವರೆ ಸಾವಿರ ವರ್ಷ ಈ ಜನ ಸತ್ತವರಿಗಾಗಿ ಹೇಗೆ ಅತ್ತಿದ್ದಾರೆಂದು ಇನ್ನೂರು ಪುಟ ಬರೆದೆ. ಬಣ್ಣದ ಚೌಕದಲ್ಲಿ ಅತ್ತವರು ಅಲ್ಲಿ ಯಾರೂ ಸಿಕ್ಕಿರಲಿಲ್ಲ.

ನಾನೊಬ್ಬಳೇ ಹಡಗಿನಲ್ಲಿ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತೇನೆಂದು ಅರಿಸ್ತಿದಿಸ್‌ಗೆ ಹೇಳಿದೆ. "ಅಪ್ಪ ನನಗೂ ಅಪ್ಪನೇ" ಅಂದ. ಹೌದು, ಬುಧವಾರಗಳಂದು.

ಮಂಗಳವಾರ, ಫೆಬ್ರವರಿ 10

ಆಗಸ್ಟ್‌ನಲ್ಲಿ ಯಾವ ದಿನ ಆಗಬಹುದೆಂದು ಕೇಳಲು ಪಾದ್ರಿಗೆ ಫೋನ್ ಮಾಡಿದೆ. ಅವರು ನಕ್ಕರು.

"ಆಗಸ್ಟಾ? ಮಗಳೇ, ಅಥೆನ್ಸಿನಲ್ಲಿ ಇದ್ದೂ ಇದ್ದೂ ಏನಾಯ್ತು ನಿಮಗೆಲ್ಲ? ಬೇಸಿಗೇಲಿ ಗೋರಿ ತೆರೀತಾರಾ? ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಮಣ್ಣು ಮುಟ್ಟೋ ಹಾಗಿಲ್ಲ. ಅಕ್ಟೋಬರ್ ಒಂದಕ್ಕೆ ಪುರಸಭೆಯವರು ತಾವೇ ಖಾಲಿ ಮಾಡ್ತಾರೆ."

"ಹಾಗಾದ್ರೆ ಯಾವಾಗ ಗುರುಗಳೇ?"

"ಮೇ ಮುಗಿಯೋದರೊಳಗೆ. ಮೂವತ್ತೊಂದು ಕಳೀತು ಅಂದ್ರೆ ನನ್ನ ಕೈಲಿಲ್ಲ. ಮನೆಯವರು ಒಬ್ಬರಾದ್ರೂ ಇರ್ಬೇಕು, ತಿಳೀತಾ? ನಾನೊಬ್ಬನೇ ತೆಗೆದ್ರೆ ಅದು ಕಳ್ಳತನ."

ನಾವು ನಾಲ್ವರು. ಒಬ್ಬ ಇಂಜಿನಿಯರು, ಒಬ್ಬ ಡಾಕ್ಟರು, ಒಬ್ಬಳು ಶೋಕಗೀತೆಗಳ ಪಂಡಿತೆ, ಒಬ್ಬಳು ಮಾರ್ಲೆನಾ. ದ್ವೀಪದ ಕತ್ತೆಗೂ ತಿಳಿದ ವಿಷಯ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ.

ಸೋಮವಾರ, ಫೆಬ್ರವರಿ 23

ಇಂದಿನಿಂದ ಈಸ್ಟರ್‌ವರೆಗೆ ಉಪವಾಸದ ದಿನಗಳು. ಊರಿಗೆ ಊರೇ ಗುಡ್ಡ ಹತ್ತಿ ಗಾಳಿಪಟ ಹಾರಿಸಿತು. ನಾವೂ ಚಾಪೆ ಹಾಸಿ ಎಳ್ಳಿನ ರೊಟ್ಟಿ, ಆಲಿವ್, ಹಲ್ವಾ ತಿಂದೆವು. ಮೇ ತಿಂಗಳ ಸುದ್ದಿ ಹೇಳಲು ಇದೇ ಸರಿಯಾದ ಹೊತ್ತೆಂದು ತಿಳಿದಿದ್ದೆ. ಬಾಯಿ ತುಂಬಿದ್ದಾಗ ಕೂಗಾಟ ಕಡಿಮೆ.

"ಮೇನಲ್ಲಿ ನೀರು ಹಿಮ!" ಅಂದಳು ಮಾರ್ಲೆನಾ.

"ನೀನು ಈಜೋದು ಎಲ್ಲಿದೆ, ಕಾಲು ಇಳಿಬಿಟ್ಟು ಕೂರ್ತೀಯ ತಾನೆ" ಅಂದ ಫೋಂದಾಸ್.

"ಕಾಲಿಗೂ ಚಳಿ ಆಗುತ್ತೆ ಡಾಕ್ಟರೇ. ಹಲ್ಲಲ್ಲ ಅದು, ಕಿತ್ತು ಎಸೆಯೋಕೆ."

ಅರಿಸ್ತಿದಿಸ್ ಗಾಳಿಪಟ ಹಾರಿಸಲು ಹೋಗಿ ಪೈನ್ ಮರಕ್ಕೆ ಸಿಕ್ಕಿಸಿದ. ಐವತ್ತು ಹತ್ತಿರವಾದ ಗಂಡಸು ಮರದ ಕೆಳಗೆ ನಿಂತು ದಾರ ಜಗ್ಗುತ್ತ, "ಎರಡು ಸಲ ಹೋಗೋಣ. ಮೇನಲ್ಲಿ ಅಪ್ಪನಿಗೆ, ಆಗಸ್ಟ್‌ನಲ್ಲಿ ನಮಗೆ" ಅಂದ. ಎರಡು ಸಲ ರಜೆ ಸಿಗುವುದಿಲ್ಲವೆಂದು ಅವನಿಗೇ ಗೊತ್ತು. ಎತ್ತು ಏರಿಗೆ, ಕೋಣ ನೀರಿಗೆ. ಸಂಜೆಯವರೆಗೆ ಎಳೆದಾಡಿ ಮೇ 23ರ ಶನಿವಾರವೆಂದು ನಿಂತಿತು.

ಮಾರ್ಲೆನಾ ಹೊಸ ಪಟ್ಟಿ ಕಳಿಸಿದಳು. ತಿಂಗಳು ಬದಲಾಗಿದೆ, ಬಿಳಿ ಉಡುಪಿನ ಮೇಲೆ ಸ್ವೆಟರ್ ಬಂದಿದೆ. ಬುಧವಾರ: ಅಪ್ಪ. ಅದು ಮಾತ್ರ ಅಲುಗಿಲ್ಲ.

ಭಾನುವಾರ, ಮಾರ್ಚ್ 8

ಪಟ್ಟಿಯನ್ನು ಭೂಪಟದ ಮೇಲಿಟ್ಟು ನೋಡಿದೆ. ಇವರ ಜೊತೆ ಹೋಗುವ ಉದ್ದೇಶವಿಲ್ಲ, ಆದರೆ ತಪ್ಪು ವಾಕ್ಯವನ್ನು ಕೆಂಪು ಶಾಯಿಯಿಲ್ಲದೆ ದಾಟಿ ಹೋಗುವುದು ಟ್ಯುಟೋರಿಯಲ್‌ನಲ್ಲಿ ಪ್ರಬಂಧ ತಿದ್ದುವವಳಿಗೆ ಸಾಧ್ಯವಿಲ್ಲ. ಇಡೀ ಪಟ್ಟಿಯೇ ತಪ್ಪು ವಾಕ್ಯ. ನಾಲ್ಕು ದಿನ ಗಾಳಿಯ ಜೊತೆ ಕುಣಿಯುತ್ತ ತೆಂಕಣಕ್ಕೆ ಇಳಿಯುತ್ತಾರೆ, ಎರಡೇ ದಿನದಲ್ಲಿ ಗಾಳಿಗೆ ಎದೆಗೊಟ್ಟು ಅಷ್ಟೂ ದೂರ ಮರಳುತ್ತಾರಂತೆ. ಉತ್ತರದ ಗಾಳಿ ಎದ್ದರೆ ದೋಣಿ ಸಿಫ್ನೋಸ್‌ನಲ್ಲೇ ಕಟ್ಟಿಹಾಕಿಕೊಂಡು ನಿಲ್ಲುತ್ತದೆ, ಬುಧವಾರದ ಅಪ್ಪ ಗುಂಡಿಗೆ ಹೋಗುತ್ತಾನೆ.

ಅಟ್ಟದಿಂದ ಅಪ್ಪನ ಹಸಿರು ನೋಟ್‌ಬುಕ್ ತೆಗೆದೆ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಹಗ್ಗ-ಲಂಗರುಗಳ ಮೇಸ್ತ್ರಿಯಾಗಿದ್ದವನು. ವರ್ಷಕ್ಕೊಂದು ತಿಂಗಳು ಮನೆಗೆ ಬರುತ್ತಿದ್ದ, ಹೊದಿಕೆಗೆ ಡೀಸೆಲ್ ವಾಸನೆ ಬಿಟ್ಟು ಹೋಗುತ್ತಿದ್ದ. ನಿವೃತ್ತಿಯಾದ ಮೇಲೆ ದ್ವೀಪದಲ್ಲಿ ಒಂದು ಮೀನುದೋಣಿ ಇಟ್ಟುಕೊಂಡ. ಆ ದಿನಗಳ ನೋಟ್‌ಬುಕ್ ಇದು. ಅವನು ಸತ್ತಾಗ ಒಮ್ಮೆ ನನ್ನ ಹೆಸರಿಗಾಗಿ ಹುಡುಕಿದ್ದೆ, ಸಿಗಲಿಲ್ಲ, ಅಟ್ಟಕ್ಕೆ ಎಸೆದಿದ್ದೆ. ಇವತ್ತು ಗಾಳಿಗಾಗಿ ಓದಿದೆ: ಮೊದಲು ಅದರ ದಿಕ್ಕು, ಆಮೇಲೆ ಜೋರಿನ ಅಂಕ.

"ಉತ್ತರ, ಐದು. ಹೋಗಲಿಲ್ಲ. ಕಟ್ಟಿದೆ."

"ಆಗ್ನೇಯ, ಎರಡು. ಆಕ್ಟೋಪಸ್ ಒಂದು. ಕಟ್ಟಿದೆ."

"ಉತ್ತರ, ಏಳು. ಹೋಗಲಿಲ್ಲ. ಕಟ್ಟಿದೆ."

ಹದಿನಾಲ್ಕು ವರ್ಷ ಪ್ರತಿದಿನ ಇದೇ. ದೋಣಿ ಕಟ್ಟಿದೆ, ದೋಣಿ ಕಟ್ಟಿದೆ. ಇಷ್ಟೊಂದು ಜಾಗದಲ್ಲಿ ಇಷ್ಟು ಕಡಿಮೆ ಹೇಳಿದ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಬೇಸಿಗೆಯಲ್ಲಿ, ತಾತನ ದೋಣಿಯಲ್ಲಿ ಒಂದೇ ಒಂದು ಸುತ್ತು ಕರೆದುಕೊಂಡು ಹೋಗೆಂದು ಅಪ್ಪನನ್ನು ಕೇಳಿದ್ದೆ. "ಸಮುದ್ರ ಏನು ನಿನ್ನ ಅಂಗಳವಾ?" ಅಂದ. ಆ ಬೇಸಿಗೆಯಲ್ಲೂ ಇಲ್ಲ, ಮುಂದೆಂದೂ ಇಲ್ಲ. ಮೇಸ್ತ್ರಿಯ ಮಗಳು ಇವತ್ತಿಗೂ ಸಣ್ಣ ದೋಣಿ ಹತ್ತಿಲ್ಲ.

ಒಂದು ಪುಟದಲ್ಲಿ ಇದು ಸಿಕ್ಕಿತು: "ತೇಲುವ ಸೋಫಾಗಳು ಬಂದವು. ಮೂರರ ಲಂಗರು ಒಂದಕ್ಕೊಂದು ಸಿಕ್ಕಿಕೊಂಡವು. ಬಿಡಿಸಿದೆ. ಕಟ್ಟಿದೆ."

ಈ ಬೈಗುಳ ನನ್ನದೆಂದು ತಿಳಿದಿದ್ದೆ.

ಶನಿವಾರ, ಮಾರ್ಚ್ 21

ಹೊಸ ಮಾರ್ಗ ಬರೆದು ಎಲ್ಲರಿಗೂ ಕಳಿಸಿದೆ. ದೂರದ ಕೆಲಸ ಮೊದಲು. ಶನಿವಾರ ಬಂದರಿನಲ್ಲೇ ನಿದ್ದೆ. ಭಾನುವಾರ ನೇರ ಸೆರಿಫೋಸ್. ಸೋಮವಾರ ನೇರ ಸಿಕಿನೋಸ್. ಮಂಗಳವಾರ: ಅಪ್ಪ. ಆಮೇಲೆ ಮೂರು ದಿನ ಸಣ್ಣ ಸಣ್ಣ ಹೆಜ್ಜೆಯಲ್ಲಿ ಗಾಳಿಗೆದುರು ಮೇಲೆ ಹತ್ತುವುದು. ಮರಳುದಿಬ್ಬ, ನೂಡಲ್ಸ್ ಎಲ್ಲ ಆಗ.

ತಕ್ಷಣ ಮಾರ್ಲೆನಾಳ ಫೋನ್.

"ಅಂದ್ರೆ ಪೆಟ್ಟಿಗೆ ಮೂರು ದಿನ ನಮ್ಮ ಜೊತೆ ಇರುತ್ತಾ?"

"ಇರುತ್ತೆ."

"ಊಟ ಮಾಡುವಾಗ?"

"ಅವನೇನು ತಿನ್ನಲ್ಲ ಬಿಡು."

"ಅದಲ್ಲ ಎವಾಂಥಿಯಾ. ಎಲ್ಲಿ ಇಡೋದು ಅಂತ ಯೋಚಿಸ್ತಿದೀನಿ. ಮೂಲೇಲಿ ತುರುಕೋಕೆ ಆಗುತ್ತಾ?"

ಬಟ್ಟೆಯ ಕೋಣೆಯ ಚಿಂತೆ ಅವಳಿಗೆ. ಫೋನ್ ಇಟ್ಟೆ.

ದೋಣಿಯ ನಾಲ್ಕನೆಯ ಹಾಸಿಗೆಗೆ ಬೇರೆ ಯಾರನ್ನೋ ಕರೆಯುವ ಮಾತು ಫೋಂದಾಸ್ ಎತ್ತಿದನಂತೆ. ಬೇಡ, ನಾನೇ ಬರುತ್ತೇನೆ ಎಂದೆ. ಇವರ ಕೈಗೆ ಮಾರ್ಗ ಕೊಟ್ಟು ಮನೆಯಲ್ಲಿ ಕೂರುವುದೆಂದರೆ ಮಗುವಿನ ಕೈಗೆ ಕ್ಷೌರದ ಕತ್ತಿ ಕೊಟ್ಟ ಹಾಗೆ. ಬೇರೆ ಕಾರಣವಿಲ್ಲ.

ಮಂಗಳವಾರ, ಏಪ್ರಿಲ್ 14

ಈಸ್ಟರ್ ಮುಗಿಯಿತು. ಮಿಕ್ಕ ಕುರಿಮಾಂಸ ತಿನ್ನಲು ತಮ್ಮನ ಮನೆ. ಫೋಂದಾಸ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಗಂಭೀರವಾಗಿದ್ದ.

"ಮಂಗಳವಾರ ಅಂತ ಬರೆದಿದೀಯಲ್ಲ. ಮಂಗಳವಾರ ಯಾರಾದ್ರೂ ಒಳ್ಳೆ ಕೆಲಸ ಶುರು ಮಾಡ್ತಾರಾ? ಕಾನ್‌ಸ್ಟಾಂಟಿನೋಪಲ್ ಬಿದ್ದಿದ್ದೇ ಮಂಗಳವಾರ."

"ನಿನ್ನ ಕ್ಲಿನಿಕ್ ಮಂಗಳವಾರ ತೆರೆದಿರುತ್ತಲ್ಲ."

"ಹಲ್ಲು ಬೇರೆ. ದೋಣಿ ಬೇರೆ. ಮೇಲಾಗಿ..." ಮೇಜಿನ ಮರವನ್ನು ಮೂರು ಸಲ ತಟ್ಟಿದ. "ದೋಣೀಲಿ ಮೂಳೆ ಅಂದ್ರೆ ಸಮುದ್ರದೋರು ಒಪ್ಪಲ್ಲ, ಗೊತ್ತಾ ನಿನಗೆ?"

"ಸಮುದ್ರದೋರು ಒಪ್ಪಲ್ಲ, ನಿಜ. ನೀನು ಯಾಕೆ ಹೆದರ್ತೀಯ?"

ಅರಿಸ್ತಿದಿಸ್ ಬಿದ್ದು ಬಿದ್ದು ನಕ್ಕ. ಫೋಂದಾಸ್ ಕೆಂಪಾದ. ಈಸ್ಟರ್‌ನಿಂದ ಐವತ್ತು ದಿನ ಸತ್ತವರೆಲ್ಲ ಮೇಲೆ ಬಂದು ಬಿಡುವಾಗಿ ಓಡಾಡಿಕೊಂಡಿರುತ್ತಾರೆಂದು ನಮ್ಮ ಅಜ್ಜಿಯಂದಿರು ನಂಬಿದ್ದರು. ಗಡುವು ಮುಗಿಯುವ ಶನಿವಾರ ಗೋಧಿ ಬೇಯಿಸಿ ಹಂಚಿ ಅವರನ್ನು ಬೀಳ್ಕೊಡುತ್ತೇವೆ. ಈ ವರ್ಷ ಅದು ಮೇ 30, ನಾವು ದೋಣಿ ಮರಳಿಸುವ ಬೆಳಿಗ್ಗೆ. ಇದನ್ನು ಫೋಂದಾಸ್‌ಗೆ ಹೇಳಲಿಲ್ಲ. ಒಂದೇ ದಿನ ಎಷ್ಟು ಹೆದರಿಸುವುದು.

ಮಂಗಳವಾರ, ಮೇ 12

ಬಂದರಿಗೆ ಕೊಡುವ ಹೆಸರುಗಳ ಪಟ್ಟಿ ತುಂಬಿದೆ: ನಾಲ್ಕು ಹೆಸರು, ಹುಟ್ಟಿದ ದಿನ, ಗುರುತಿನ ಚೀಟಿ. ಮೂಳೆ ಸಾಗಿಸಲು ಪುರಸಭೆಯ ಅನುಮತಿ ಬೇರೆ ಕಾಗದ. ಅದರಲ್ಲಿ ಹೆಸರು: ಅನಾರ್ಗಿರೋಸ್. ವೃತ್ತಿ: ನಾವಿಕ. ಸತ್ತವನಿಗೂ ವೃತ್ತಿ ಕೇಳುತ್ತಾರೆ.

ಪರೀಕ್ಷೆಯ ಹಿಂದಿನ ವಾರ ರಜೆಯೇ ಎಂದು ಟ್ಯುಟೋರಿಯಲ್‌ನ ಮಾಲೀಕ ಕೂಗಾಡಿದ. ಕೂಗಿಕೊಳ್ಳಲಿ.

ಎಲ್ಲರಿಗೂ ಕಳಿಸಿದ ಸೂಚನೆ: ಗಟ್ಟಿ ಪೆಟ್ಟಿಗೆ ಬೇಡ, ಮೆತ್ತನೆ ಚೀಲ. ಜಾರದ ಚಪ್ಪಲಿ. ಅರಿಸ್ತಿದಿಸ್‌ಗೆ ವಾಂತಿ ಮಾತ್ರೆ, ಹೊರಡುವ ಒಂದು ಗಂಟೆ ಮುಂಚೆ. ಮಾರ್ಲೆನಾಳ ಮೊಣಕಾಲಿಗೆ ಪಟ್ಟಿ. ದೋಣಿಯ ಮೆಟ್ಟಿಲು ಕಡಿದು. ಫೋಂದಾಸ್ ಆರು ಗಂಟೆಗಿಂತ ಹೆಚ್ಚು ಒಂದೇ ಸಮ ಚುಕ್ಕಾಣಿ ಹಿಡಿಯಬಾರದು. ಗಾಳಿ ಆರು ಮುಟ್ಟಿದರೆ ಎಲ್ಲಿದ್ದೇವೋ ಅಲ್ಲೇ.

"ನಿನ್ನನ್ನ ಕ್ಯಾಪ್ಟನ್ ಮಾಡಿದ್ದು ಯಾರು?" ಎಂದು ಫೋಂದಾಸ್ ಉತ್ತರ ಬರೆದ.

ಬುಧವಾರ, ಮೇ 20

ಐದು ಕಡೆಯ ಹವಾಮಾನ ನೋಡಿದೆ. ಐದೂ ಬೇರೆ ಬೇರೆ ಹೇಳುತ್ತವೆ. ಅಪ್ಪನ ನೋಟ್‌ಬುಕ್ಕಿನಲ್ಲಿ ಮೇ ಕೊನೆಯ ವಾರ: ಹದಿನಾಲ್ಕು ವರ್ಷದಲ್ಲಿ ಐದು ಸಲ ಉತ್ತರ ಎದ್ದಿದೆ. ಎದ್ದರೆ ಎರಡು ದಿನ, ಮೂರನೆಯ ದಿನ ಬೀಳುತ್ತದೆ.

ಬಿಳಿ ಬಟ್ಟೆ ತೊಳೆದು ಇಸ್ತ್ರಿ ಮಾಡಿದೆ. ವೈನ್ ಎರಡು ಬಾಟಲಿ. ಕುಡಿಯುವುದಕ್ಕಲ್ಲವೆಂದು ಮೇಲೆ ಚೀಟಿ ಅಂಟಿಸಿದೆ. ಅರಿಸ್ತಿದಿಸ್‌ನ ಬಗ್ಗೆ ನಂಬಿಕೆ ಇಲ್ಲ.

ಶನಿವಾರ, ಮೇ 23. ಲಾವ್ರಿಯೋ

ಮಾರ್ಲೆನಾ ಬಿಳಿ ಉಡುಪಿನಲ್ಲೇ ಬಂದಳು, ನಾಲ್ಕು ಚೀಲದೊಂದಿಗೆ. ಉಗುರಿಗೆ ಸಮುದ್ರದ ಬಣ್ಣ. ನಾಲ್ಕನೆಯ ಕೋಣೆ ಅವಳ ಬಟ್ಟೆಯಿಂದ ತುಂಬಿತು. ಫೋಂದಾಸ್ ದೋಣಿಯನ್ನು ಪರೀಕ್ಷಿಸುವವನಂತೆ ಎಲ್ಲವನ್ನೂ ಮುಟ್ಟಿ ನೋಡಿದ, ಹಲ್ಲು ನೋಡುವ ಹಾಗೆ.

ದೋಣಿಗೆ ಹಾಕಿದ ಹಲಗೆಯ ಮೇಲೆ ಕಾಲಿಟ್ಟಾಗ ಅದು ಅಲುಗಿತು. ಅಪ್ಪನನ್ನು ಕೇಳಿ ನಲವತ್ತೆಂಟು ವರ್ಷ ಎಂದುಕೊಂಡೆ. ಹಿಂದಿನ ಹಗ್ಗ ಸಡಿಲವಿತ್ತು. ಸರಿಮಾಡಿದೆ.

ಭಾನುವಾರ, ಮೇ 24. ಸೆರಿಫೋಸ್

ವಾಯವ್ಯ, ಮೂರು. ಏಳು ಗಂಟೆಯ ದಾರಿ. ಅರಿಸ್ತಿದಿಸ್ ಮಾತ್ರೆ ತಗೊಂಡಿರಲಿಲ್ಲ. ಅದಕ್ಕೇ ಅನುಭವಿಸಿದ.

ಸೋಮವಾರ, ಮೇ 25. ಸೆರಿಫೋಸ್

ಬೆಳಿಗ್ಗೆಯೇ ಉತ್ತರ ಎದ್ದಿತು. ಹತ್ತು ಗಂಟೆಗೆ ಗಾಳಿ ಏಳು. ಬಂದರಿನ ದೋಣಿಗಳ ಕಂಬಗಳೆಲ್ಲ ಸಿಳ್ಳೆ ಹಾಕುತ್ತಿವೆ. ಹೊರಗೆ ಸಮುದ್ರ ಬೆಳ್ಳಗೆ ನೊರೆಯಾಗಿದೆ.

ಫೋಂದಾಸ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. "ಹೋಗಬಹುದು" ಅಂದ. ಅವನ ತುಟಿ ಬಿಳಿಚಿತ್ತು. "ಗಾಳಿ ಹಿಂದಿನಿಂದ ತಾನೇ. ತಳ್ಕೊಂಡು ಹೋಗುತ್ತೆ."

"ಹೋಗೋಣ ಅಕ್ಕಾ" ಅಂದ ಅರಿಸ್ತಿದಿಸ್. "ಗೋರಿ ಅಗೆಯೋನು ನಾಳೆ ಮಾತ್ರ ಇರೋದು ಅಂತ ನೀನೇ ಹೇಳಿದ್ಯಲ್ಲ. ನಾಳೆ ತಪ್ಪಿದ್ರೆ ಅಪ್ಪ ಗುಂಡಿಗೆ."

"ಹೋಗಲ್ಲ."

"ಐದು ತಿಂಗಳಿಂದ ನಮ್ಮನ್ನೆಲ್ಲ ಹುರಿದು ತಿಂದೆ ಇದಕ್ಕೋಸ್ಕರ! ನಾನು ಪಟ್ಟಿ ಮಾಡಿದ್ರೆ ತಪ್ಪು, ಇವಳು ಮಾಡಿದ್ರೆ ತಪ್ಪು. ಈಗ ಬಂದು ಕಾಫಿ ಕುಡೀತಾ ಕೂರೋದಾ? ಎಲ್ಲರಿಗಿಂತ ನಿನಗೇ ತಾನೇ ಬೇಕಾಗಿದ್ದು?"

"ಸಮುದ್ರ ಏನು ನಿನ್ನ ಅಂಗಳವಾ?"

ಅಂದೆ. ಅರಿಸ್ತಿದಿಸ್ ನನ್ನ ಮುಖವನ್ನೇ ನೋಡುತ್ತ ನಿಂತ, ಯಾಕೋ. ಆಮೇಲೆ ತಾನಾಗಿ ಹೋಗಿ ಮುಂದಿನ ಹಗ್ಗ ಇನ್ನೊಂದು ಸುತ್ತು ಬಿಗಿದು ಬಂದ.

ಪಾದ್ರಿಗೆ ಫೋನ್ ಮಾಡಿದೆ. ಗಾಳಿಯ ಸದ್ದು ಎರಡೂ ಕಡೆ.

"ಗುರುಗಳೇ, ನಾಳೆ ಬರೋಕಾಗಲ್ಲ."

"ಬಂದಿದ್ರೆ ನಾನೇ ಬೈದು ಕಳಿಸ್ತಿದ್ದೆ. ನಿಮ್ಮಪ್ಪ ಇದ್ದಿದ್ರೆ ಒದೀತಿದ್ದ."

"ಅಗೆಯೋನು ಬುಧವಾರ ಇರಲ್ಲ ಅಂದ್ರಿ."

"ಇರಲ್ಲ. ಪುರಸಭೆಯ ಕೆಲಸಕ್ಕೆ ಪಕ್ಕದ ದ್ವೀಪಕ್ಕೆ ಹೋಗ್ತಾನೆ. ಗುದ್ದಲಿ ನನ್ನ ಹತ್ರಾನೂ ಒಂದಿದೆ. ನಿಮ್ಮ ಕಡೆ ತೋಳಿರೋ ಗಂಡಸರು ಯಾರಾದ್ರೂ ಇದಾರಾ?"

ಇಬ್ಬರನ್ನೂ ನೋಡಿದೆ. "ಇದಾರೆ ಅಂತ ಅಂದುಕೊಳ್ಳೋಣ" ಅಂದೆ.

ಲೆಕ್ಕ ಸ್ಪಷ್ಟ. ಬುಧವಾರ ಬೆಳಿಗ್ಗೆ ಹೊರಟರೆ ಉಂಟು. ಅದೂ ತಪ್ಪಿದರೆ ಶುಕ್ರವಾರ ದೋಣಿ ಲಾವ್ರಿಯೋದಲ್ಲಿರಬೇಕು, ಭಾನುವಾರ ಮೇ ಮುಗಿಯುತ್ತದೆ. ಅಲ್ಲಿಗೆ ಹೋಗುವ ಹಡಗುಗಳನ್ನೂ ಬಂದರಿನಲ್ಲೇ ತಡೆದಿದ್ದಾರೆ.

ಮಾರ್ಲೆನಾ ಎಲ್ಲರಿಗೂ ಬೀನ್ಸ್ ಬೇಯಿಸಿದಳು. ಉಪ್ಪು ಹೆಚ್ಚು. ತಿಂದೆವು.

ಮಂಗಳವಾರ, ಮೇ 26. ಸೆರಿಫೋಸ್

ಉತ್ತರ, ಆರು. ಹೋಗಲಿಲ್ಲ. ಕಟ್ಟಿದೆ.

ಬುಧವಾರ, ಮೇ 27. ಸಿಕಿನೋಸ್

ಉತ್ತರ ನಾಲ್ಕಕ್ಕಿಳಿಯಿತು, ಆಮೇಲೆ ಮೂರು. ಬೆಳಕು ಹರಿಯುತ್ತಲೇ ಹೊರಟೆವು. ಎರಡು ಗಂಟೆಗೆ ತಲುಪಿದೆವು. ಫೋಂದಾಸ್ ಚೆನ್ನಾಗಿ ನಡೆಸಿದ. ಹೀಗೆ ಬರೆದದ್ದಕ್ಕೆ ಮುಂದೆ ನನಗೆ ಪಶ್ಚಾತ್ತಾಪವಾಗಬಹುದು, ಆದರೆ ನಡೆಸಿದ.

"ನಾನು ಜನವರೀಲೇ ಹೇಳಿದ್ದೆ, ಬುಧವಾರ ಅಂತ" ಅಂದಳು ಮಾರ್ಲೆನಾ, ಗುಡ್ಡ ಹತ್ತುತ್ತ.

ಪಾದ್ರಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಮೊಣಕಾಲುದ್ದ ಅಗೆದಿದ್ದರು. ಅರಿಸ್ತಿದಿಸ್ ಗುದ್ದಲಿ ಇಸಿದುಕೊಂಡ. ಅವನ ಕೈಯಲ್ಲಿ ಗುಳ್ಳೆ ಎದ್ದವು, ಬಿಡಲಿಲ್ಲ. ಫೋಂದಾಸ್ ಟೋಪಿ ತೆಗೆದಿಟ್ಟು ಮಣ್ಣು ಎತ್ತಿದ. ಹಲಗೆ ತಾಗಿದ ಸದ್ದು ಬಂದಾಗ ಎಲ್ಲರೂ ನಿಂತರು. ಮೂಳೆ ಎತ್ತುವವರು ಮನೆಯ ಹೆಂಗಸರು. ಅಂದರೆ ನಾನು.

ಇನ್ನೂರು ಪುಟ ಬರೆದಿದ್ದೇನೆ. ಕೈ ಮುಂದೆ ಹೋಗಲಿಲ್ಲ.

ಮಾರ್ಲೆನಾ ಉಂಗುರಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮೊಣಕಾಲಿನ ಪಟ್ಟಿ ಸರಿಮಾಡಿಕೊಂಡು ಕೆಳಗಿಳಿದಳು. "ಬಾ ಮಾವ" ಅಂದಳು. ಮೊದಲು ತಲೆ, ಎರಡೂ ಕೈಯಲ್ಲಿ. ಮುತ್ತಿಟ್ಟು ನನ್ನ ಬಿಳಿ ಬಟ್ಟೆಯ ಮೇಲಿಟ್ಟಳು. ಆಮೇಲೆ ಒಂದೊಂದಾಗಿ, ಯಾವುದು ಯಾವುದೆಂದು ಹೆಸರು ಹೇಳುತ್ತ. ಅವಳ ಹಳ್ಳಿಯಲ್ಲಿ ಅಜ್ಜಿಯ ಜೊತೆ ಹನ್ನೆರಡನೆಯ ವಯಸ್ಸಿಗೇ ಈ ಕೆಲಸ ಮಾಡಿದ್ದಳಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಯಾರು ಕೇಳಿದ್ದರು?

"ನೀನು ವೈನ್ ಸುರಿ" ಅಂದಳು. ಸುರಿದೆ. ಅವಳು ತೊಳೆದಳು. ಉಗುರಿನ ಬಣ್ಣ ಹೋಯಿತು.

"ಹಳದಿ" ಅಂದರು ಪಾದ್ರಿ, ಬಿಸಿಲಿಗೆ ಹಿಡಿದು. "ಜೇನುಮೇಣದ ಹಳದಿ. ಒಳ್ಳೆ ಮನುಷ್ಯ."

ಅದು ಮಣ್ಣಿನ ಗುಣ. ಸುಣ್ಣವಿರುವ ಮಣ್ಣಿನಲ್ಲಿ ಹಾಗಾಗುತ್ತದೆ. ಪಾದ್ರಿಗೆ ಹೇಳಲಿಲ್ಲ. ಹಳದಿಯಂತೂ ಹೌದು.

ಪೆಟ್ಟಿಗೆ ದೋಣಿಗೆ ತಂದಾಗ ಫೋಂದಾಸ್ ಹಲಗೆಯ ತುದಿಯಲ್ಲಿ ನಿಂತಿದ್ದ. ಮೂಳೆ ಬೇಡವೆಂದವನು. ಕೈ ಚಾಚಿದ. "ಹುಷಾರು ಮೇಸ್ತ್ರೀ, ಮೆಟ್ಟಿಲು ಕಡಿದು" ಅಂದ, ಪೆಟ್ಟಿಗೆಗೆ.

ಒಳಗೆ ಹೋದರೆ ನಾಲ್ಕನೆಯ ಕೋಣೆ ಖಾಲಿ. ಬಟ್ಟೆಯೆಲ್ಲ ಮಾರ್ಲೆನಾಳ ಹಾಸಿಗೆಯ ಮೇಲೆ ಗುಡ್ಡೆ. ಹೊಸ ಹಾಸು ಹಾಸಿತ್ತು.

"ಅವರಿಗೂ ಒಂದು ಕೋಣೆ ಬೇಕಲ್ಲ" ಅಂದಳು.

ಉಂಗುರಗಳು ಇನ್ನೂ ನನ್ನ ಮುಷ್ಟಿಯಲ್ಲಿದ್ದವು. ಕೊಟ್ಟೆ.

ಉತ್ತರ, ಎರಡು. ಕಟ್ಟಿದೆ.

ಗುರುವಾರ, ಮೇ 28. ಸಿಫ್ನೋಸ್

ಗಾಳಿ ಇಲ್ಲ. ಎಂಜಿನ್. ನೂಡಲ್ಸ್ ಊಟ ತಪ್ಪಿತು, ಮತ್ತೆ ಬೀನ್ಸ್. ಇವತ್ತು ಉಪ್ಪು ಸರಿಯಿತ್ತು. ನಾನು ಚುಕ್ಕಾಣಿ ಹಿಡಿದೆ, ಎರಡು ಗಂಟೆ. ಕಟ್ಟಿದೆ.

ಶುಕ್ರವಾರ, ಮೇ 29. ಕಿಥ್ನೋಸ್, ಲಾವ್ರಿಯೋ

ದಕ್ಷಿಣ, ಎರಡು. ಮಧ್ಯಾಹ್ನ ಮರಳುದಿಬ್ಬದ ಬಳಿ ಒಂದು ಗಂಟೆ ನಿಂತೆವು, ಮಾರ್ಲೆನಾಗಾಗಿ. ಒಂದು ಫೋಟೋ, ನಾಲ್ವರೂ. ಜರ್ಮನ್ನರ ದೋಣಿಯ ಲಂಗರು ನಮ್ಮದಕ್ಕೆ ಸಿಕ್ಕಿಕೊಂಡಿತು. ಅವರು ಕೈಚೆಲ್ಲಿ ಕೂತರು, ತೇಲುವ ಸೋಫಾದವರು. ಬಿಡಿಸಿದೆ. ಕಟ್ಟಿದೆ.

ಶನಿವಾರ, ಮೇ 30. ನಿಕೇಯಾ

ಸ್ಮಶಾನದಲ್ಲಿ ಜನವೋ ಜನ. ಎಲ್ಲರ ಕೈಯಲ್ಲೂ ಬೇಯಿಸಿದ ಗೋಧಿಯ ತಟ್ಟೆ. ಮಾರ್ಲೆನಾ ನಿನ್ನೆಯೇ ದೋಣಿಯಲ್ಲಿ ಗೋಧಿ ನೆನೆಹಾಕಿದ್ದಳಂತೆ. ಪೆಟ್ಟಿಗೆಯನ್ನು ಅಮ್ಮನದರ ಪಕ್ಕದಲ್ಲಿಟ್ಟೆವು. ಗೂಡಿನಲ್ಲಿ ಎರಡಕ್ಕೆ ಸರಿಯಾಗಿ ಜಾಗವಿತ್ತು. ಮುಚ್ಚಳ ಅಲುಗುತ್ತಿತ್ತು, ಹಗ್ಗ ಸುತ್ತಿದೆ.

"ಎಲ್ಲಿ ಕಲಿತೆ ಈ ಗಂಟು?" ಅಂದ ಅರಿಸ್ತಿದಿಸ್.

ಗೊತ್ತಿಲ್ಲ ಅಂದೆ.

ಸಂಜೆ ಮಾರ್ಲೆನಾ ಮುಂದಿನ ವರ್ಷದ ಪಟ್ಟಿ ಕಳಿಸಿದ್ದಾಳೆ. ಬಣ್ಣದ ಚೌಕಗಳು. ನಾಲ್ಕು ಕೋಣೆ. ಮಾರ್ಗ ಪೂರ್ತಿ ತಪ್ಪು. ನಾಳೆ ತಿದ್ದಬೇಕು.

ಗಾಳಿ ಇಲ್ಲ. ಎಲ್ಲರೂ ಮನೆ ಸೇರಿದರು. ಕಟ್ಟಿದೆ.